ಕೈಚೀಲ ಅಲ್ಲೇ ಇರಲಿ



ಸಹಕಾರನಗರದಲ್ಲಿ ವಾಸಿಸುವವರಿಗೆ ವಿಮಾನದ ಸದ್ದು ಹೊಸದಲ್ಲ. ಸಮೀಪದಲ್ಲೇ ಜಕ್ಕೂರಿನ ವಿಮಾನ ತರಬೇತಿ ಶಾಲೆ, ಆಚೆಗೆ ಯಲಹಂಕದ ವಾಯುಪಡೆ ನೆಲೆ. ಕೊಡಿಗೇಹಳ್ಳಿ ಗೇಟು ದಾಟಿದರೆ ಬಳ್ಳಾರಿ ರಸ್ತೆ; ಅಲ್ಲಿ ನಡುರಾತ್ರಿಯಲ್ಲೂ ದೇವನಹಳ್ಳಿಯ ಕಡೆಗೆ ಟ್ಯಾಕ್ಸಿಗಳ ಸಾಲು. ನಮ್ಮ ಮನೆಗಳಿಂದಲೂ ಮಗ ಗಲ್ಫ್‌ಗೆ ಹೊರಡುತ್ತಾನೆ, ತಾಯಿ ತಂದೆ ಉಮ್ರಾಕ್ಕೆ ಹೊರಡುತ್ತಾರೆ. 2025ರ ಜೂನ್ 12ರಂದು ಅಹ್ಮದಾಬಾದ್‌ನಲ್ಲಿ ಮೇಲೇರಿದ ಕ್ಷಣದಲ್ಲೇ ಎರಡೂ ಎಂಜಿನ್‌ಗಳಿಗೆ ಇಂಧನ ನಿಂತು ವಿಮಾನ ಬಿದ್ದು, ನೆಲದ ಮೇಲಿದ್ದವರೂ ಸೇರಿ 260 ಮಂದಿ ಮಡಿದ ಬಳಿಕ, ಬೀಳ್ಕೊಡುವವರ ಮನದಲ್ಲಿ ಒಂದು ಭಯ ಕೂತುಬಿಟ್ಟಿದೆ. ಎಂಜಿನ್ ಕೆಟ್ಟರೆ ಏನು ಗತಿ?

ಈ ಪ್ರಶ್ನೆಗೆ ಉತ್ತರ ತಿಳಿದುಕೊಳ್ಳೋಣ. ತಿಳುವಳಿಕೆ ಬಂದರೆ ಭಯ ಅರ್ಧ ಕಡಿಮೆಯಾಗುತ್ತದೆ, ಉಳಿದರ್ಧ ಎಚ್ಚರಿಕೆಯಾಗಿ ಮಾರ್ಪಡುತ್ತದೆ.

ಜೆಟ್ ಎಂಜಿನ್ ಮುಂಭಾಗದಿಂದ ಗಾಳಿಯನ್ನು ಸೆಳೆದುಕೊಂಡು, ಅದನ್ನು ಒತ್ತಿ, ಇಂಧನ ಬೆರೆಸಿ ಉರಿಸುತ್ತದೆ. ಆ ಬಿಸಿ ಅನಿಲ ಹಿಂದಕ್ಕೆ ನುಗ್ಗುವಾಗ ವಿಮಾನ ಮುಂದಕ್ಕೆ ಚಲಿಸುತ್ತದೆ. ಎರಡು ಎಂಜಿನ್‌ಗಳ ಪ್ರಯಾಣಿಕ ವಿಮಾನ ಒಂದು ಎಂಜಿನ್ ನಿಂತರೂ ಹಾರಿ, ಇಳಿಯುವ ಹಾಗೆಯೇ ರಚಿಸಲ್ಪಟ್ಟಿದೆ. ಒಂದು ಎಂಜಿನ್ ಸುಮ್ಮನೆ ನಿಂತುಬಿಟ್ಟರೆ ಅದರಿಂದಲೇ ಜೀವ ಹೋಗುವುದು ಅಪರೂಪ. ಅದರೊಳಗಿನ ತುಂಡು ಸಿಡಿದು ಹೊರಬಂದಾಗ ಅಥವಾ ಬೆಂಕಿ ಇಂಧನಕ್ಕೆ ತಗುಲಿದಾಗ ಅಪಾಯ ಎದುರಾಗುತ್ತದೆ.

ನಮ್ಮ ಊರಿನಲ್ಲೇ ನಡೆದುದನ್ನು ನೋಡಿ. 2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಬಲ ಎಂಜಿನ್‌ನಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಳಗೆ 179 ಪ್ರಯಾಣಿಕರು, 6 ಮಂದಿ ಸಿಬ್ಬಂದಿ. ಪೈಲಟ್ ಬೆಂಗಳೂರಿಗೇ ಮರಳಿ ವಿಮಾನ ಇಳಿಸಿದರು. ಬೆಂಕಿ ಆರಿಸಲಾಯಿತು, ಎಲ್ಲರನ್ನೂ ಹೊರಗೆ ಕರೆತರಲಾಯಿತು. ಒಂದು ಜೀವವೂ ಹೋಗಲಿಲ್ಲ. ಅಲ್ಹಮ್ದುಲಿಲ್ಲಾಹ್.

ಈಗ ಇನ್ನೊಂದು ಘಟನೆ. 1985ರ ಆಗಸ್ಟ್ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 137 ಜನರಿದ್ದ ವಿಮಾನವೊಂದು ಮೇಲೇರಲು ಓಡುತ್ತಿತ್ತು. ಎಡ ಎಂಜಿನ್‌ನಲ್ಲಿ ಹಿಂದೆ ಬಿರುಕು ಬಿಟ್ಟು ರಿಪೇರಿಯಾಗಿದ್ದ ಉರಿಕೋಶ ಒಡೆಯಿತು. ಸಿಡಿದ ತುಂಡು ರೆಕ್ಕೆಯ ಇಂಧನ ಟ್ಯಾಂಕಿಗೆ ತೂತು ಮಾಡಿತು. ಟೈರ್ ಒಡೆದಿರಬೇಕೆಂದು ಭಾವಿಸಿದ ಪೈಲಟ್‌ಗಳು ವಿಮಾನವನ್ನು ನಿಲ್ಲಿಸಿದರು. ಅದು ನೆಲ ಬಿಟ್ಟಿರಲೇ ಇಲ್ಲ. ಆದರೂ 55 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಹೊಗೆ. ಒಂದು ಬಾಗಿಲು ಸಿಕ್ಕಿಹಾಕಿಕೊಂಡಿತು, ರೆಕ್ಕೆಯ ಮೇಲಿನ ಕಿಂಡಿಯ ಬಳಿ ಜಾಗ ಸಾಲದೆ ಜನ ಒಬ್ಬರ ಮೇಲೊಬ್ಬರು ಬಿದ್ದರು.

ಆ ಸಾವುಗಳು ವ್ಯರ್ಥವಾಗಲಿಲ್ಲ. ಅವುಗಳಿಂದ ಕಲಿತು ಕಿಂಡಿಯ ಬಳಿ ಜಾಗ ಹೆಚ್ಚಿಸಲಾಯಿತು. ಬೇಗ ಬೆಂಕಿ ಹತ್ತದ ಆಸನಗಳು ಬಂದವು. ಹೊಗೆಯಲ್ಲೂ ದಾರಿ ತೋರುವ ದೀಪಗಳು ನೆಲದಲ್ಲಿ ಬಂದವು. ಇಂದು ನಮ್ಮ ತಾಯಂದಿರು ಕುಳಿತುಕೊಳ್ಳುವ ವಿಮಾನದಲ್ಲಿ ಆ 55 ಮಂದಿಯ ಪಾಠವಿದೆ.

ಆದರೆ ಮನುಷ್ಯ ಯಾವಾಗಲೂ ಸಕಾಲದಲ್ಲಿ ಕಲಿಯುವುದಿಲ್ಲ. 2016ರ ಆಗಸ್ಟ್‌ನಲ್ಲಿ ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆಯ ವಿಮಾನದಲ್ಲಿ ಎಂಜಿನ್ ಫ್ಯಾನಿನ ಒಂದು ಅಲಗು ಲೋಹ ದಣಿದು ಮುರಿಯಿತು. ಯಾರೂ ಸಾಯಲಿಲ್ಲ. ಅಲಗುಗಳ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ಪ್ರಸ್ತಾವ ಬಂದರೂ ಅದು ಕಾಗದದಲ್ಲೇ ಉಳಿಯಿತು. 2018ರ ಏಪ್ರಿಲ್ 17ರಂದು ಅದೇ ಸಂಸ್ಥೆಯ ಇನ್ನೊಂದು ವಿಮಾನದಲ್ಲಿ ಅದೇ ಮಾದರಿಯ ಎಂಜಿನ್‌ನ ಅಲಗು ಮುರಿದು, ಎಂಜಿನ್ ಹೊದಿಕೆಯ ತುಂಡು ಕಿಟಕಿಗೆ ಬಡಿಯಿತು. ಒಬ್ಬ ಮಹಿಳೆ ಪ್ರಾಣ ಕಳೆದುಕೊಂಡರು. ಮೂರೇ ದಿನಗಳಲ್ಲಿ ಪರೀಕ್ಷೆಗೆ ತುರ್ತು ಆದೇಶ ಹೊರಟಿತು. ಇಪ್ಪತ್ತು ತಿಂಗಳಲ್ಲಿ ಆಗದ್ದು ಮೂರು ದಿನಗಳಲ್ಲಿ ಆಯಿತು!

ಇಂತಹ ಸಾವಿನ ಮನೆಗೆ ಹೋದಾಗ ನಾವು ಹೇಳುವ ಮಾತೊಂದಿದೆ: ಅಲ್ಲಾಹನ ವಿಧಿ. ಇದು ಸತ್ಯವಾದ ಮಾತು. ನೊಂದವರಿಗೆ ಇದಕ್ಕಿಂತ ದೊಡ್ಡ ಸಾಂತ್ವನವಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಅಗಲಿದಾಗ, ಕರಾವಳಿಯ ಮತ್ತು ಕಾಸರಗೋಡಿನ ಎಷ್ಟೋ ಮನೆಗಳನ್ನು ಈ ವಿಶ್ವಾಸವೇ ಆಧರಿಸಿತು. ಆದರೆ ಅದೇ ಮಾತನ್ನು ಹೊಣೆಗಾರರು ತಮ್ಮ ಕೈ ತೊಳೆದುಕೊಳ್ಳುವ ನೀರಾಗಿ ಬಳಸುವಂತಿಲ್ಲ. ಮಂಗಳೂರಿನಲ್ಲಿ ಎಂಜಿನ್ ಕೆಟ್ಟಿರಲಿಲ್ಲ. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದ್ದರೆಂದೂ, ಕ್ಯಾಪ್ಟನ್ ಅದನ್ನು ಪಾಲಿಸಲಿಲ್ಲವೆಂದೂ ತನಿಖೆ ಹೇಳಿತು.

ಖಲೀಫಾ ಉಮರ್(ರ)ರು ಶಾಮಿನತ್ತ ಪ್ರಯಾಣಿಸುತ್ತಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಬಂತು. ಅವರು ಮರಳಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂಉಬೈದಾ(ರ)ರು ಕೇಳಿದರು. ಹೌದು, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಎಂದು ಉಮರ್(ರ)ರು ಉತ್ತರಿಸಿದರು. ಬಿರುಕು ವಿಧಿಯಾದರೆ, ಅದನ್ನು ಹುಡುಕುವ ಪರೀಕ್ಷೆಯೂ ವಿಧಿಯೇ. ನಿಮ್ಮ ಮಗ ವಿಮಾನ ನಿರ್ವಹಣೆಯ ಕೋರ್ಸು ಓದುತ್ತಿದ್ದರೆ ಅವನಿಗೆ ಇದನ್ನು ಹೇಳಿ: ರಾತ್ರಿ ಪಾಳಿಯಲ್ಲಿ ಅವನು ಹಾಕುವ ಒಂದು ಸಹಿ ನೂರೆಂಬತ್ತು ಕುಟುಂಬಗಳ ಅಮಾನತ್. ನೋಡದೆ ಹಾಕಿದ ಸಹಿ ಸುಳ್ಳು ಸಾಕ್ಷ್ಯವಾಗುತ್ತದೆ.

ನಮಗೂ ಒಂದು ಪಾಲಿನ ಹೊಣೆಯಿದೆ. ಅರ್ಧದಷ್ಟು ಬಾಗಿಲುಗಳು ಮಾತ್ರ ತೆರೆದರೂ 90 ಸೆಕೆಂಡುಗಳಲ್ಲಿ ಎಲ್ಲರೂ ಹೊರಬರುವಂತಿರಬೇಕು ಎಂಬುದು ವಿಮಾನ ರಚನೆಯ ನಿಯಮ. ತುರ್ತಿನಲ್ಲಿ ಒಬ್ಬರು ಮೇಲಿನ ಚೀಲಕ್ಕೆ ಕೈಹಾಕಿದರೆ ಹಿಂದಿನವರೆಲ್ಲರ ದಾರಿ ನಿಲ್ಲುತ್ತದೆ. ಆ ಕೆಲವು ಸೆಕೆಂಡುಗಳು ನಿಮ್ಮವಲ್ಲ, ಹಿಂದೆ ನಿಂತಿರುವ ಮಗುವಿನವು. ಪಾಸ್‌ಪೋರ್ಟ್ ಮತ್ತೆ ಸಿಗುತ್ತದೆ, ಚಿನ್ನವನ್ನೂ ಮತ್ತೆ ಸಂಪಾದಿಸಬಹುದು.

ಆದ್ದರಿಂದ ವಿಮಾನ ಹತ್ತಿ ಕುಳಿತೊಡನೆ ಪ್ರಯಾಣದ ದುಆ ಪಠಿಸಿ. ಬಳಿಕ ಮುಂದಿನ ಮತ್ತು ಹಿಂದಿನ ಬಾಗಿಲಿಗೆ ಎಷ್ಟು ಸಾಲುಗಳಿವೆಯೆಂದು ಎಣಿಸಿ. ಹೊಗೆಯಲ್ಲಿ ಕಣ್ಣು ಕಾಣದು, ಕೈ ಎಣಿಸಬಲ್ಲದು. ಯಾವ ಮಗುವನ್ನು ಯಾರು ಹಿಡಿಯುವುದೆಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಳ್ಳಿ. ಕುಳಿತಿರುವಷ್ಟು ಹೊತ್ತು ಬೆಲ್ಟ್ ಇರಲಿ. ಹೊಗೆ ತುಂಬಿದರೆ ಬಗ್ಗಿ ನಡೆಯಿರಿ. ಜಾರುದಾರಿಯ ಬಳಿ ಕೂತು ಯೋಚಿಸಬೇಡಿ, ಎತ್ತರ ಹಿಮ್ಮಡಿಯ ಚಪ್ಪಲಿ ಕಳಚಿ ಜಿಗಿಯಿರಿ. ಬುರ್ಖಾದ ಅಂಚು ಕಾಲಿಗೆ ತೊಡರದಂತೆ ಮೇಲೆತ್ತಿ ಹಿಡಿಯಿರಿ. ಇಹ್ರಾಮ್ ಧರಿಸಿದವರು ಸೊಂಟದ ಬಟ್ಟೆಯನ್ನು ಭದ್ರವಾಗಿ ಕಟ್ಟಿಕೊಂಡಿರಲಿ.

ಸಹಕಾರನಗರಕ್ಕೆ ದೂರವಲ್ಲದ ತಿರುಮೇನಹಳ್ಳಿಯ ಹಜ್ ಭವನದಿಂದ ಹೊರಡುವವರಲ್ಲಿ ಎಷ್ಟೋ ವೃದ್ಧರಿಗೆ ಅದು ಬದುಕಿನ ಮೊದಲ ವಿಮಾನಯಾನ. ಸಿಬ್ಬಂದಿಯ ಇಂಗ್ಲಿಷ್, ಹಿಂದಿ ಅವರೆಲ್ಲರಿಗೂ ಅರ್ಥವಾಗುವುದಿಲ್ಲ. ತವಾಫ್, ಸಈ ಕಲಿಸುವ ನಮ್ಮ ಮಸೀದಿಗಳ ಶಿಬಿರಗಳಲ್ಲಿ ಇದಕ್ಕೂ ಹತ್ತು ನಿಮಿಷ ಮೀಸಲಿಡೋಣ. ನಾಲ್ಕು ಕುರ್ಚಿಗಳನ್ನು ಸಾಲಾಗಿಟ್ಟು, ನಮ್ಮ ಭಾಷೆಯಲ್ಲೇ, ಎದ್ದು ಬಾಗಿಲಿಗೆ ನಡೆಯುವುದನ್ನು ಕಲಿಸಿದರೆ ಸಾಕು. ನಿಮ್ಮ ಮಹಲ್ಲಾದ ಮುಂದಿನ ಶಿಬಿರ ಯಾವಾಗ ಎಂದು ಈ ಶುಕ್ರವಾರವೇ ವಿಚಾರಿಸಿ.

ಹೊರಟವರೆಲ್ಲರನ್ನೂ ಅಲ್ಲಾಹನು ಕ್ಷೇಮವಾಗಿ ಮನೆಗೆ ಮರಳಿಸಲಿ. ಆಮೀನ್.