ಹಳೆಯ ಮೋಟಾರಿಗೂ ಒಂದು ಹೆಸರಿದೆ

ಹಳೆಯ ಛಾಯಾಚಿತ್ರದಲ್ಲಿ ಕಾಣುವ ಮೋಟಾರಿಗೆಲ್ಲ ‘ವಿಂಟೇಜ್ ಕಾರು’ ಎಂದು ಬರೆದು ಮುಗಿಸುವ ರೂಢಿ ಬೆಳೆದಿದೆ. ಆ ಪದ ವಯಸ್ಸನ್ನು ಹೇಳುತ್ತದೆಯೇ ಹೊರತು ಆಕಾರವನ್ನಲ್ಲ. ಬಂಡಿ, ಕಮಾನುಗಾಡಿ, ಜಟಕಾ, ಟಾಂಗಾ, ಸಾರೋಟು ಎಂದು ವಾಹನಗಳನ್ನು ಬೇರೆಬೇರೆಯಾಗಿ ಕಂಡ ಕನ್ನಡಕ್ಕೆ ಈ ಉದಾಸೀನ ಒಪ್ಪುವುದಿಲ್ಲ.

ಗುರುತಿಸುವ ಕ್ರಮ ಕಠಿಣವಲ್ಲ. ಮೊದಲು ಚಾವಣಿ, ಬಳಿಕ ಕಿಟಕಿ, ಕೊನೆಗೆ ಆಸನ ಮತ್ತು ಬಾಗಿಲು. ಮಡಚುವ ಬಟ್ಟೆಯ ಹುಡ್, ಎರಡು ಸಾಲು ಆಸನ, ಏರಿಳಿಸುವ ಗಾಜಿಲ್ಲದ ಬಾಗಿಲುಗಳಿದ್ದರೆ ಅದು ಟೂರರ್. ಅದೇ ತೆರೆದ ಮೈಗೆ ಒಂದೇ ಸಾಲು ಆಸನವಿದ್ದರೆ ರೋಡ್‌ಸ್ಟರ್. ಹುಡ್ ಮಡಚಿದರೂ ಬಾಗಿಲಿಗೆ ಏರಿಳಿಯುವ ಗಾಜಿದ್ದರೆ ಕನ್ವರ್ಟಿಬಲ್. ಸ್ಥಿರ ಚಾವಣಿಯಡಿ ಎರಡು ಸಾಲು ಆಸನವಿದ್ದರೆ ಸೆಡಾನ್. ಮೈ ಮೊಟಕಾಗಿ ಎರಡೇ ಬಾಗಿಲಿದ್ದರೆ ಕೂಪೆ. ಚಾಲಕನಿಗೂ ಹಿಂದೆ ಕುಳಿತವರಿಗೂ ನಡುವೆ ಗಾಜಿನ ತಡೆಯಿದ್ದರೆ ಲಿಮೋಸಿನ್. ಹಿಂದಿನ ಆಸನದ ಮೇಲಿನ ಚಾವಣಿ ಮಾತ್ರ ಮಡಚುವಂತಿದ್ದರೆ ಲ್ಯಾಂಡೊಲೆಟ್.

ಇದು ಭಾಷೆಯ ವಿದ್ಯಾರ್ಥಿಗೂ ಸಂಬಂಧಿಸಿದ ಸಂಗತಿ. ಕೂಪೆ ಎಂದರೆ ಫ್ರೆಂಚಿನಲ್ಲಿ ‘ಕತ್ತರಿಸಿದ್ದು’. ರೋಡ್‌ಸ್ಟರಿನ ಹಿಂಬದಿಯಲ್ಲಿ ಮುಚ್ಚಳ ತೆರೆದರೆ ಸಿಗುತ್ತಿದ್ದ ಹೆಚ್ಚುವರಿ ಆಸನವೇ ಡಿಕ್ಕಿ ಸೀಟು. ಆಸನ ಹೋಯಿತು, ಹೆಸರು ಉಳಿಯಿತು: ಸಾಮಾನಿಡುವ ಜಾಗ ಇಂದಿಗೂ ಕನ್ನಡ, ತೆಲುಗುಗಳಲ್ಲಿ ‘ಡಿಕ್ಕಿ’, ಮರಾಠಿಯಲ್ಲಿ ‘ಡಿಕಿ’.

ಅಂದು ಎಂಜಿನ್ ಮತ್ತು ಚಾಸಿ ಒಬ್ಬರದಾದರೆ, ಮೈ ಕಟ್ಟುವವರು ಅನೇಕ ವೇಳೆ ಬೇರೊಬ್ಬರು. 1840ರಲ್ಲಿ ಸಾರೋಟು ತಯಾರಿಕೆಗೆ ತೊಡಗಿದ ಮದರಾಸಿನ ಸಿಂಪ್ಸನ್ ಸಂಸ್ಥೆ ಮುಂದೆ ಮೋಟಾರಿಗೂ ಮೈ ಕಟ್ಟಿತು. ಆದ್ದರಿಂದ ರೇಡಿಯೇಟರಿನ ಲಾಂಛನವನ್ನಷ್ಟೇ ನೋಡಿದರೆ ಅರ್ಧ ಕಥೆ ಮಾತ್ರ ತಿಳಿಯುತ್ತದೆ. 2021ರ ಕೇಂದ್ರ ನಿಯಮವೂ ಐವತ್ತು ವರ್ಷ ದಾಟಿದ ವಾಹನ ಮೂಲರೂಪದಲ್ಲಿದ್ದರೆ ಮಾತ್ರ ‘ವಿಎ’ ಸರಣಿಯ ಸಂಖ್ಯೆ ನೀಡುತ್ತದೆ. ಅಂದಕ್ಕಾಗಿ ಸೆಡಾನಿನ ಚಾವಣಿ ಕತ್ತರಿಸಿ ಟೂರರ್ ಮಾಡುವುದು ಹಸ್ತಪ್ರತಿಯ ಪಾಠವನ್ನು ತಿದ್ದಿದಂತೆಯೇ ಸರಿ.

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಿ, ಇಂದು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿರುವ ಮಡಕಶಿರದಲ್ಲಿ ಕನ್ನಡ, ತೆಲುಗುಗಳು ಒಂದೇ ಬೀದಿಯಲ್ಲಿ ಬಾಳುತ್ತವೆ. ಅಲ್ಲಿನ ಹಿರಿಯ ಮೆಕ್ಯಾನಿಕ್ಕು, ಬಡಗಿ, ಹುಡ್ ಹೊಲಿಯುವವರ ಬಾಯಲ್ಲಿ ವಾಹನದ ಒಂದೊಂದು ಅಂಗಕ್ಕೆ ಯಾವ ಹೆಸರಿದೆ ಎಂಬುದನ್ನು ಈಗಲೇ ಬರೆದಿಡಬೇಕು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಶಾಸನದ ಸಾಲನ್ನು ಓದುವಷ್ಟೇ ಶ್ರದ್ಧೆಯಿಂದ ಈ ಕೆಲಸಕ್ಕೂ ಕೂರಲಿ. ಗ್ಯಾರೇಜಿನ ಮಾತಿಗೆ ತಾಳೆಗರಿಯ ಆಯುಸ್ಸಿಲ್ಲ.