ಬೆಲೆ ಏರಿದರೆ ಬೋರ್ಡಿನಲ್ಲೇ ಏರಲಿ

ಅಮೆರಿಕ ಜಪಾನಿನ ಸರಕಿಗೆ ಸುಂಕ ಹಾಕಿದರೆ ಕಟ್ಟುವವರು ಯಾರು? ನಮ್ಮ ತರಗತಿಯಲ್ಲಿ ಈ ಪ್ರಶ್ನೆ ಬಂದಾಗ ಹೆಚ್ಚಿನವರು "ಜಪಾನಿನವರು" ಎಂದರು. ಆದರೆ ಬಂದರಿನಲ್ಲಿ ಸುಂಕ ಕಟ್ಟುವವನು ಅಮೆರಿಕದ ಆಮದುದಾರ. ಅವನು ಅದನ್ನು ಸರಕಿನ ಬೆಲೆಗೆ ಸೇರಿಸಿ ಅಂಗಡಿಯವನ ಮೇಲೆ ಹಾಕುತ್ತಾನೆ. ಇದು ಅರ್ಥವಾಗಬೇಕಾದರೆ ಅಮೆರಿಕದಲ್ಲಿ ಜಪಾನಿ ಮೀನು ಮಾರುವ ಒಂದು ಸಣ್ಣ ಅಂಗಡಿಯ ಲೆಕ್ಕ ನೋಡೋಣ.

ಇಂಥ ಅಂಗಡಿಗೆ ಟೋಕಿಯೋದ ತೊಯೊಸು ಸಗಟು ಮಾರುಕಟ್ಟೆಯಿಂದ ಹಮಾಚಿಯಂಥ ಮೀನು ವಿಮಾನದಲ್ಲಿ ಬರುತ್ತದೆ. 2024ರ ಜುಲೈ ಆರಂಭದಲ್ಲಿ ಒಂದು ಡಾಲರ್‌ಗೆ 160 ಯೆನ್ ಸಿಗುತ್ತಿತ್ತು. ಆಗ 10,000 ಯೆನ್ ಬೆಲೆಯ ಮೀನಿಗೆ 62.50 ಡಾಲರ್ ಸಾಕಾಗಿತ್ತು. 2025ರ ಏಪ್ರಿಲ್ ಹೊತ್ತಿಗೆ ಡಾಲರ್ 143 ಯೆನ್ ಆಸುಪಾಸಿಗೆ ಇಳಿಯಿತು. ಅದೇ ಮೀನಿಗೆ ಸುಮಾರು 70 ಡಾಲರ್ ಬೇಕಾಯಿತು. ಅದೇ ತಿಂಗಳು ಶೇ. 10 ಹೆಚ್ಚುವರಿ ಸುಂಕವೂ ಬಂತು. ಒಟ್ಟು 77 ಡಾಲರ್. ಜಪಾನಿನ ಮೀನುಗಾರ ಒಂದು ಯೆನ್ ಕೂಡ ಹೆಚ್ಚು ಕೇಳಿಲ್ಲ, ಆದರೂ ಖರ್ಚು ಶೇ. 23ರಷ್ಟು ಏರಿತು. ಆಗಸ್ಟ್‌ನಲ್ಲಿ ಸುಂಕ ಶೇ. 15 ಆಯಿತು. ವಿಮಾನದ ಬಾಡಿಗೆ, ಐಸು, ಕೂಲಿ ಎಲ್ಲ ಬೇರೆ.

ಇನ್ನೊಂದು ಮಾತು. ಇಡೀ ಮೀನು ತಂದರೆ ತಲೆಗೂ ಮುಳ್ಳಿಗೂ ಸುಂಕ ಕಟ್ಟಬೇಕು. ಒಂದು ಕಿಲೋ ಮೀನು ಅಂಗಡಿ ತಲುಪುವಾಗ 20 ಡಾಲರ್ ಬಿದ್ದಿದೆ, ಅದರಲ್ಲಿ ಅರ್ಧ ಮಾತ್ರ ತುಂಡು ಮಾಡಿ ಮಾರುವ ಮಾಂಸ ಎಂದಿಟ್ಟುಕೊಳ್ಳಿ. ಆಗ ಮಾಂಸದ ಅಸಲು ಕಿಲೋಗೆ 40 ಡಾಲರ್. ಹತ್ತರಲ್ಲಿ ಒಂದು ಪಾಲು ಮಾರಾಟವಾಗದೆ ಕೆಟ್ಟರೆ ಅಸಲು 44 ದಾಟುತ್ತದೆ. ಲಾಭದ ಮಾತು ಇನ್ನೂ ಶುರುವೇ ಆಗಿಲ್ಲ.

ನಮ್ಮ ಮಾಮೂ ಡ್ರೈಫ್ರೂಟ್ಸ್ ಅಂಗಡಿ ಇಟ್ಟಿದ್ದಾರೆ. ಡಾಲರ್ ಏರುವ ಸೂಚನೆ ಕಂಡರೆ ರಮಜಾನ್‌ಗೆ ಮೊದಲೇ ಖರ್ಜೂರ ತಂದು ತುಂಬಿಸುತ್ತಾರೆ. ಹಸಿ ಮೀನಿನವನಿಗೆ ಆ ಅನುಕೂಲವಿಲ್ಲ. ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಸಿಗುವ ಬೆಲೆ, ಎರಡರಲ್ಲಿ ಕಡಿಮೆ ಯಾವುದೋ ಅದಕ್ಕೆ ತೋರಿಸಬೇಕು ಎಂದು ನಾವು ಲೆಕ್ಕಶಾಸ್ತ್ರದಲ್ಲಿ ಓದುತ್ತೇವೆ. ಕೆಡುವ ಹಂತಕ್ಕೆ ಬಂದ ಹಸಿ ಮೀನಿಗೆ ಆ ಎರಡನೇ ಬೆಲೆ ಸೊನ್ನೆಯ ಹತ್ತಿರ ಬಂದಿರುತ್ತದೆ.

ಹಾಗಾದರೆ ಅಂಗಡಿಯವನು ಏನು ಮಾಡಬೇಕು? ಸುಲಭದ ದಾರಿ ಒಂದಿದೆ: ಹೆಸರು ಅದೇ, ಮೀನು ಬೇರೆ. ಅಮೆರಿಕದಲ್ಲಿ ಎಸ್ಕೊಲಾರ್ ಎಂಬ ಅಗ್ಗದ ಮೀನನ್ನು "ವೈಟ್ ಟ್ಯೂನಾ" ಎಂದು ಮಾರಿದ್ದು ಹಲವು ಸಲ ಪತ್ತೆಯಾಗಿದೆ. ಇದನ್ನು ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ. ಗಿರಾಕಿ ದುಡ್ಡನ್ನೂ ಕಳೆದುಕೊಳ್ಳುತ್ತಾನೆ, ಆರೋಗ್ಯವನ್ನೂ. ಪಕ್ಕದಲ್ಲಿ ಅಸಲಿ ಮೀನು ಮಾರುವವನ ಬೆಲೆ ಮಾತ್ರ ಸುಮ್ಮನೆ ದುಬಾರಿಯಾಗಿ ಕಾಣುತ್ತದೆ.

ನನ್ನ ಅಭಿಪ್ರಾಯ ಇಷ್ಟೆ. ಏರಿದ ಬೆಲೆಯನ್ನು ಬೋರ್ಡಿನಲ್ಲೇ ಬರೆಯಲಿ, ಯಾಕೆ ಏರಿತು ಎಂದು ಗಿರಾಕಿಗೆ ಹೇಳಲಿ. ಇಪ್ಪತ್ತು ಬಗೆ ಇಡುವ ಕಡೆ ಎಂಟು ಇಡಲಿ, ಮುಂಗಡ ಆರ್ಡರ್ ಬಂದಷ್ಟೇ ತರಿಸಲಿ. ಜಪಾನಿನಲ್ಲಿ ಮೀನಿನ ತಲೆ, ಮುಳ್ಳುಗಳಿಂದಲೂ ಸಾರು ಮಾಡುತ್ತಾರೆ; ಅವನ್ನೂ ಕಡಿಮೆ ಬೆಲೆಗೆ ಮಾರಲಿ. ಜಪಾನಿನವರು ಇಷ್ಟಪಡುವ ಉನಿ ಕ್ಯಾಲಿಫೋರ್ನಿಯಾದ ಕಡಲಿನಲ್ಲೂ ಸಿಗುತ್ತದೆ. ಅದನ್ನು ಕ್ಯಾಲಿಫೋರ್ನಿಯಾದ ಹೆಸರಿನಲ್ಲೇ ಮಾರಲಿ.

"ಬೆಲೆ ಏರಿಸಿದರೆ ಗಿರಾಕಿ ಹೋಗುವುದಿಲ್ಲವೇ?" ಎಂದು ನೀವು ಕೇಳಬಹುದು. ಕೆಲವರು ಹೋಗುತ್ತಾರೆ, ಅದು ನಿಜವಾದ ನಷ್ಟವೇ. ಆದರೆ ವಿಶೇಷ ಮೀನಿನ ಅಂಗಡಿಗೆ ಜನ ಬರುವುದು ಅಗ್ಗಕ್ಕಲ್ಲ, ಅಸಲಿ ಮಾಲು ಸಿಗುತ್ತದೆ ಎಂದು. ಆ ನಂಬಿಕೆ ಒಮ್ಮೆ ಹೋದರೆ ಮುಂದೆ ಸುಂಕ ಪೂರ್ತಿ ಇಳಿದರೂ ಅವರು ತಿರುಗಿ ಬರುವುದಿಲ್ಲ.

ನಮ್ಮಲ್ಲಿ ಹಲವರು ನಾಳೆ ಮನೆಯ ಅಂಗಡಿಯ ಗಲ್ಲಾದಲ್ಲಿ ಕೂರುವವರು. ಖರ್ಚು ಏರಿದ ದಿನ ಬೆಲೆ ಏರಿಸುವುದೋ, ತೂಕ ಮತ್ತು ಗುಣಮಟ್ಟ ಇಳಿಸುವುದೋ ಎಂಬ ಪ್ರಶ್ನೆ ನಮಗೂ ಬರುತ್ತದೆ. ಅದಕ್ಕೆ ಉತ್ತರವನ್ನು ಈಗಲೇ ಯೋಚಿಸಿಟ್ಟುಕೊಳ್ಳೋಣ.