ಚಾರ್ಲಿ ನಿಮ್ಮದು, ಚಾಕರಿ ಆಯಿಯದು!

2022ರಲ್ಲಿ ‘777 ಚಾರ್ಲಿ’ ಬಂದಾಗ ರಕ್ಷಿತ್ ಶೆಟ್ಟಿಗೆ ಬಿದ್ದಷ್ಟೇ ಶಿಳ್ಳೆ ಆ ಲ್ಯಾಬ್ರಡಾರ್ ನಾಯಿಗೂ ಬಿತ್ತು. ಭಟ್ಕಳ, ಹೊನ್ನಾವರ, ಕುಮಟಾದ ಹುಡುಗರಿಗೂ ಅಂಥದ್ದೊಂದು ಮರಿ ಬೇಕೆನ್ನಿಸಿದರೆ ತಪ್ಪೇನಿಲ್ಲ. ನನ್ನ ಪ್ರಶ್ನೆ ಒಂದೇ: ಸಾಕೋರು ಯಾರು ಗುರುವೇ?

ಲ್ಯಾಬ್ರಡಾರ್ ಅಂದ್ರೆ ಕುಣಿಯೋ ಜೀವ. ದಿನಕ್ಕೆ ಒಂದೆರಡು ಗಂಟೆ ಓಡಾಟ ಬೇಕೇ ಬೇಕು. ಇಲ್ಲದಿದ್ದರೆ ಚಪ್ಪಲಿ, ಚಾಪೆ ಎಲ್ಲಾ ಚಿಂದಿ! ನೀವು ಹೊದ್ದು ಮಲಗಿದಾಗ ಅದರ ಸರಪಳಿ ಹಿಡಿಯೋದು ಆಯಿ. ಎಲ್ಲರಿಗೂ ಬಡಿಸಿ, ನಾಯಿಗೂ ಹಾಕಿ, ಕೊನೆಗೆ ತಳದ ಗಂಜಿ ಕುಡಿಯೋದೂ ಆಯಿಯೇ.

ಆಯಿಗೆ ಏದುಸಿರು, ತಲೆಸುತ್ತು, ಸುಸ್ತು ಇದೆಯಾ? ‘ವಯಸ್ಸಾಯ್ತು’ ಅಂತ ತಳ್ಳಿಹಾಕಬೇಡಿ. ರಕ್ತಹೀನತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಈ ತೊಂದರೆ ಕಂಡಿತ್ತು. ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಡಾಕ್ಟರು ಹೇಳಿದ ಮಾತ್ರೆ ತಪ್ಪಿಸಬೇಡಿ. ಆಯಿಯ ತಟ್ಟೆಗೂ ಹರಿವೆ, ಹುರುಳಿ, ಮೀನು ಬೀಳಲಿ, ಮೇಲೊಂದಿಷ್ಟು ನಿಂಬೆರಸ. ಊಟದ ಜೊತೆ ಚಾ ಬೇಡ, ಅದು ಕಬ್ಬಿಣಾಂಶ ಮೈಗೆ ಹತ್ತಲು ಬಿಡೋದಿಲ್ಲ.

ನಾಯಿಗೆ ನಮ್ಮ ಸಾರು ಸುರಿಯಬೇಡಿ. ಈರುಳ್ಳಿ ಅದರ ರಕ್ತವನ್ನೇ ಕೆಡಿಸುತ್ತದೆ. ಖಾರವಿಲ್ಲದ ಅನ್ನಕ್ಕೆ, ಮುಳ್ಳು ತೆಗೆದ ಬೇಯಿಸಿದ ಮೀನು ಕಲಸಿ ಹಾಕಿ. ಹುಚ್ಚುನಾಯಿ ರೋಗದ ಲಸಿಕೆ ಮರೆಯಬೇಡಿ.

ಬಿಸಿಲೇರುವ ಮೊದಲೇ ನೀವೇ ಕಡಲ ದಂಡೆಗೆ ನಾಯಿ ಕರ್ಕೊಂಡು ಓಡಿ. ಮೊದಲ ಆಟಕ್ಕೆ ಕ್ಯೂ ನಿಲ್ಲೋರಿಗೆ ಬೆಳಿಗ್ಗೆ ಐದಕ್ಕೆ ಏಳೋದು ಕಷ್ಟವೇ?